ಅಂಗಳ ತುಂಬ ನಂಜುಂಡರು

ನಮ್ಮ ಓನರಮ್ಮನ ಹಣೆಯ ಮೂರು ವಿಭೂತಿ ಗೀಟುಗಳಲ್ಲಿ ನಡುವಿನದು ಮಧ್ಯಾಹ್ನದ ಹೊತ್ತಿಗೆ ಅಳಿಸಿಹೋಗಿರುತ್ತಿತ್ತು. ಗಲಿಬಿಲಿಯಾದಾಗಲೆಲ್ಲ ಅಲ್ಲಿ ಬೆರಳುಜ್ಜುವುದು ಅವರ ರೂಢಿ, ಗಲಿಬಿಲಿಯೋ ದಿನವಿಡೀ. ಬೀಗ ಹಾಕಿ ಬೀದಿ ದಾಟಿದ ಮೇಲೆ ವಾಪಸು ಬಂದು, ಆ ಬೀಗದ ಪಕ್ಕ ಇನ್ನೊಂದು ಬೀಗ ಜಡಿಯುತ್ತಿದ್ದರು. "ದೇವ್ರ ವಿಷಯದಲ್ಲಂತೂ ಗಲಿಬಿಲಿ ಇರ್ಲೇಬೇಕು ಕಣ್ರೀ. ಎಲ್ಲಾ ಗೊತ್ತಿರೋರು ಜಗಳಕ್ಕೆ ಬತ್ತಾರೆ" ಎನ್ನುವುದು ಅವರ ಸಿದ್ಧಾಂತ.

ತೊಂಬತ್ತರ ದಶಕದಲ್ಲಿ ನಾನು ತಾಂಡ್ಯದ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರನಾಗಿ, ನಂಜನಗೂಡಿನ ಅವರ ಮನೆಯ ಹಿಂಭಾಗದಲ್ಲಿ ಬಾಡಿಗೆಗಿದ್ದೆ. ಆಗ ಅವರೊಂದು ಹರಕೆ ಹೊತ್ತರು. ಬಲಮಂಡಿಯ ನೋವು ಹೋದರೆ ಮಕ್ಕಳನ್ನು ದೇವರ ವೇಷದಲ್ಲಿ ಮನೆಗೆ ಕರೆದು ಪಾದ ತೊಳೆಯುವುದು. ನೋವು ಹೋಯಿತು, ಎಡಮಂಡಿಗೆ. ಹರಕೆ ತೀರಿಸಬೇಕೋ ಬೇಡವೋ ಎಂಬ ಗಹನ ವಿಚಾರದಲ್ಲಿ ಮಳೆಗಾಲ ಕಳೆದು, ಕಡೆಗೆ ಒಂದು ಕಾರ್ತಿಕ ಸೋಮವಾರದ ಸಂಜೆ ನಿಶ್ಚಯವಾಯಿತು. "ಅವರವರ ಮನೆದೇವ್ರ ವೇಷ ಹಾಕ್ಕೊಂಡು ಬರ್ಲಿ. ನಿಮ್ಮ ಫ್ಯಾಕ್ಟ್ರಿಯೋರ ಮಕ್ಕಳ್ನೂ ಕರೀರಿ" ಎಂದರು.

ನಾನು ಕಾರ್ಖಾನೆಯಲ್ಲಿದ್ದ, ಹೆಮ್ಮಿಗೆ ಊರಿನ ಕಡೆಯ ಗೆಳೆಯನೊಬ್ಬನ ಮಗಳನ್ನು ಕರೆದೆ. ಅವರದು ಬುದ್ಧನಿಗೆ ದೀಪ ಹಚ್ಚುವ ಮನೆ. ಊರಲ್ಲಿ ಅವರ ಕೇರಿ ಬೇರೆ. "ಮಗೀಗೆ ಬಾಳ ಆಸೆ ಸಾ. ಆದ್ರೆ ಆ ಮನೇಲಿ ಒಸ್ಲು ದಾಟುಸ್ತಾರಾ? ಅಳುಸಿ ಕಳುಸ್ಬ್ಯಾಡಿ" ಎಂದ.

ಅಂದು ಮೊದಲು ಬಂದ ಮಕ್ಕಳೆಲ್ಲ ನಂಜುಂಡೇಶ್ವರರೇ. ನಮ್ಮೂರಿನಲ್ಲಿ ಇನ್ಯಾರು ಬರಬೇಕು? ಎಲ್ಲರ ಕೊರಳಿಗೂ ಬಟ್ಟೆಗೆ ಹಾಕುವ ನೀಲಿ, ಮೇಲೊಂದು ಪ್ಲಾಸ್ಟಿಕ್ ಹಾವು. ಓನರಮ್ಮ ತಂಬಿಗೆ ಹಿಡಿದು ಕಂಗಾಲಾದರು. "ಯಾರ ಪಾದ ಮೊದ್ಲು ತೊಳೀಲಿ? ಎಲ್ಲಾ ಒಬ್ಬನೇ ಅಲ್ವಾ? ಒಬ್ಬನ್ದು ತೊಳೆದ್ರೆ ಎಲ್ಲಾರ್ಗೂ ಸಂದಂಗಾ?" ಶಿವರು ಮಣೆಗಾಗಿ ತಳ್ಳಾಡುತ್ತಿದ್ದರು.

ಆಗ ಅಮ್ಮನ ಹಳದಿ ಸೀರೆ ಹೊದ್ದು, ನೆತ್ತಿಗೆ ಜುಟ್ಟು ಕಟ್ಟಿಕೊಂಡ ಹುಡುಗಿ ಒಳಬಂದಳು. ಅವಳಪ್ಪ ಗೇಟಿನಾಚೆಯೇ ನಿಂತ.

"ನೀನ್ಯಾವ ದೇವ್ರು ತಾಯಿ?"

"ಬುದ್ಧ. ದೇವ್ರಲ್ಲ ಅಜ್ಜಿ, ಗುರು. ನಮ್ಮಪ್ಪ ಯೋಳವ್ರೆ."

ಪಕ್ಕದ ಮನೆಯಾಕೆ, "ಯಾರ ಪೈಕಿ ಅಂತ ಕೇಳಿದ್ರಾ ಅಕ್ಕಾ?" ಎಂದು ಪಿಸುಗುಟ್ಟಿದರು. ಓನರಮ್ಮನ ಬೆರಳು ಹಣೆಗೆ ಹೋಯಿತು. ನಾನು ಗೇಟಿನ ಕಡೆ ನೋಡದಿರಲು ಯತ್ನಿಸಿದೆ.

"ಗುರುವಾ? ಮೊದ್ಲೇ ಹೇಳಬಾರ್ದಾ? ನಮ್ಮಲ್ಲಿ ಗುರು ಮೊದ್ಲು, ಲಿಂಗ ಆಮೇಲೆ. ಆಗ್ಲಿಂದ ಇದಕ್ಕೇ ಒದ್ದಾಡ್ತಿದ್ದೆ" ಎಂದವರೇ ಅವಳನ್ನು ಮಣೆಯ ಮೇಲೆ ಕೂರಿಸಿದರು.

"ಅಜ್ಜಿ, ನಾವು ಫಸ್ಟ್ ಬಂದಿದ್ದು" ಎಂದಿತು ಒಂದು ಶಿವ.

"ಸುಮ್ನಿರಪ್ಪ ನಂಜುಂಡ. ವಿಷ ಕುಡಿದೋನಿಗೆ ಒಂಚೂರು ಕಾಯೋಕಾಗಲ್ವಾ?"

ಪಾದ ತೊಳೆದರು. ಆ ನೀರನ್ನು ಅಂಗೈಯಲ್ಲಿ ಹಿಡಿದು, ಕಣ್ಣಿಗೊತ್ತಿಕೊಂಡು, ಕುಡಿದರು. ಪಕ್ಕದ ಮನೆಯಾಕೆ ಎದ್ದು ಹೋದರು. ಗೆಳೆಯ, ಮಗಳು ತಂದುಕೊಟ್ಟ ರಸಬಾಳೆಯನ್ನು ಸುಲಿಯದೆ ಬಸ್ ಸ್ಟ್ಯಾಂಡಿನವರೆಗೂ ಹಿಡಿದೇ ನಡೆದ.

ಆಮೇಲೆ ಕೇಳಿದೆ: "ಅಮ್ಮಾ, ಅದು ಯಾರ ಮಗು ಅಂತ ನಿಮಗೆ ಗೊತ್ತಿತ್ತಾ?"

"ಗುರೂನ ಮನೆ ವಿಚಾರಿಸ್ತಾರೇನ್ರೀ?" ಎಂದು ಹಣೆ ಉಜ್ಜಿಕೊಂಡರು. ಗೊತ್ತಿತ್ತೋ ಇಲ್ಲವೋ, ನನಗೆ ಇಂದಿಗೂ ಬಗೆಹರಿದಿಲ್ಲ.

ವರ್ಷಗಳ ಮೇಲೆ ಅವರು ತೀರಿಕೊಂಡಾಗ ಜಗುಲಿಯಲ್ಲಿ ಕೂರಿಸಿದ್ದರು. ತಿ. ನರಸೀಪುರದಲ್ಲಿ ಟೀಚರಾಗಿದ್ದ ಆ ಹುಡುಗಿ ಅಪ್ಪನೊಡನೆ ಬಂದು ಅವರ ಪಾದ ಹಿಡಿದಳು. ಅಪ್ಪ ಈ ಸಲ ಗೇಟಿನಾಚೆ ನಿಲ್ಲಲಿಲ್ಲ.

ಓನರಮ್ಮನ ಹಣೆಯಲ್ಲಿ ಮೂರು ಗೀಟೂ ನೆಟ್ಟಗಿದ್ದವು. ಮಧ್ಯಾಹ್ನ ಕಳೆದಿತ್ತು. ನನ್ನ ಬೆರಳು ನನಗೆ ತಿಳಿಯದೆಯೇ ನನ್ನ ಹಣೆಗೆ ಹೋಯಿತು.