ರೂಟರ್ ಹಾಕುವವನು
ಬೈದರೂ ತಿರುಗಿ ಬೈಯದವರನ್ನು ಕಂಡರೆ ನನಗಾಗದು. ನಮ್ಮ ಬೀದಿಗೆ ಇಂಟರ್ನೆಟ್ ಹಾಕುವವನ ಮೇಲೆ ಆ ಸಿಟ್ಟು ಇನ್ನೂ ಇದೆ. ಹೆಗಲಿಗೆ ಏಣಿ ಅಂಟಿಸಿಕೊಂಡೇ ಹುಟ್ಟಿದಂತಿರುವ ಅವನದು ಮನೆಮನೆಯಲ್ಲೂ ಒಂದೇ ಪಾಠ: "ಅಣ್ಣಾ, ರೂಟರ್ ಆರಿಸ್ಬೇಡಿ. ನೀವು ಹೊರಗಿಂದ ಫೋನಲ್ಲಿ ನೋಡೋಕೆ ಬಂದ್ರೆ, ಮನೆಯೊಳಗೆ ಇಂಥ ನಂಬರಿನಲ್ಲಿರೋ ಕ್ಯಾಮೆರಾ ಹತ್ರ ಬಿಡು ಅಂತ ಅದಕ್ಕೆ ಹೇಳಿಟ್ಟಿದೀನಿ. ಆರಿಸಿ ಹಾಕಿದ್ರೆ ಆ ನಂಬರ್ ಟೀವಿಗೆ ಹೋಗಿ, ನೀವು ಹೋಗಿ ಟೀವಿ ಬಾಗಿಲು ತಟ್ತೀರಿ." ನಮ್ಮನೆಯದು, ಹಾಸಿಗೆ ಹಿಡಿದ ಅಮ್ಮನನ್ನು ನಾನು ಕೆಲಸ ಮಾಡುವ ಗ್ಯಾರೇಜಿನಿಂದಲೇ ಫೋನಿನಲ್ಲಿ ನೋಡಲು ಹಾಕಿಸಿದ ಕ್ಯಾಮೆರಾ. ಆದರೂ ಕರೆಂಟು ಉಳಿಸಲು ಮಲಗುವಾಗ ರೂಟರ್ ಆರಿಸುತ್ತಿದ್ದೆ. ಮರುದಿನ ಕ್ಯಾಮೆರಾ ಕಾಣದಾಗ ಅವನಿಗೇ ಉಗಿಯುತ್ತಿದ್ದೆ. ಅಮ್ಮ ಮಂಚದಿಂದ ಬಿದ್ದ ಮಧ್ಯಾಹ್ನವೂ ಕ್ಯಾಮೆರಾ ಕಾಣದೆ, ಬಿದ್ದದ್ದು ಗೊತ್ತಾಗದೆ, ಫೋನಿನಲ್ಲಿ ಅವನಿಗೇ ಉಗಿದೆ. ಅದನ್ನು ಸರಿಮಾಡಲು ನಮ್ಮನೆಗೆ ಓಡಿದವನು, ನಾನು ಬರುವವರೆಗೆ ಅಮ್ಮನ ತಣ್ಣಗಾದ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ತಪ್ಪು ಯಾರದೆಂದು ಹೇಳಲಿಲ್ಲ. ಈಗಲೂ ಎಲ್ಲರಿಗೂ "ಆರಿಸ್ಬೇಡಿ" ಎನ್ನುತ್ತಾನೆ, ನಾನು ಎದುರಾದರೆ ಮಾತ್ರ ಆ ಮಾತು ನುಂಗುತ್ತಾನೆ. ಅವನಲ್ಲಿ ಕೇಳಬೇಕಾದ ಕ್ಷಮೆಯನ್ನು ನಾನಿನ್ನೂ ಕೇಳಿಲ್ಲ.