ಕಡಲು ಮುಗಿಸದ ದೋಣಿ

೧೯೮೦ರ ದಶಕದ ಕೊನೆಯಲ್ಲಿ, ಒಂದು ಮಳೆಗಾಲಕ್ಕೆ ಮೊದಲು, ಉಚ್ಚಿಲದ ನಮ್ಮ ನೆರೆಮನೆಯ ಮೀನುಗಾರರೊಬ್ಬರು ತಮ್ಮ ಒಡೆದ ಫೈಬರ್ ದೋಣಿಯನ್ನು ಕಡಲಲ್ಲಿ ಮುಳುಗಿಸಿದರು. ಕಳೆದ ವಾರ ಕಟಪಾಡಿಯ ಶೆಡ್ಡೊಂದರಲ್ಲಿ ದೋಣಿಗೆ ತೇಪೆ ಹಾಕುವ ಅಂಟಿನ ಘಾಟು ಮೂಗಿಗೆ ಬಡಿದಾಗ ಅದು ನೆನಪಾಯಿತು...

ಮರದ ದೋಣಿ ಹಳತಾದರೆ ಒಡೆದು ಬಚ್ಚಲ ಒಲೆಗೆ ಹಾಕುವುದು ನಮ್ಮಲ್ಲಿ ಕ್ರಮ. ಅವರೂ ಹಾಗೆಯೇ ಮಾಡಲು ಹೋದರು. ಮೊದಲ ತುಂಡಿಗೇ ಕಪ್ಪು ಹೊಗೆ ಎದ್ದಿತು. ಅವರ ಹೆಂಡತಿ ಕೆಮ್ಮುತ್ತಾ ಹೊರಗೆ ಓಡಿ ಬಂದರು. "ಇದನ್ನು ಎಲ್ಲಿಗಾದರೂ ಕೊಂಡುಹೋಗಿ ಹಾಕಿ ಮಾರಾಯ್ರೆ, ನನಗೆ ತಣ್ಣೀರಿನ ಸ್ನಾನವೇ ಸಾಕು!"

ದಡದ ಹುಡುಗರು ಕಲ್ಲು ಹೊತ್ತು ಕೊಟ್ಟರು. ನೆರೆಮನೆಯವರು ದೋಣಿಗೆ ಅದನ್ನು ತುಂಬಿ, ಎಳೆದುಕೊಂಡು ಹೋಗಿ ಮುಳುಗಿಸಿ ಬಂದರು. ಮರವನ್ನು ಹುಳು ತಿಂದು ಮುಗಿಸುವ ಹಾಗೆ ಇದನ್ನೂ ಕಡಲು ಮುಗಿಸುತ್ತದೆ ಎಂದು ಅವರು ನಂಬಿದ್ದರು. ಯಾರೂ ಬೇಡ ಎನ್ನಲಿಲ್ಲ.

ಮಳೆಗಾಲ ಕಳೆದು, ಕಡಲಿಗೆ ಹಾಲು ಹೊಯ್ದು ಪೂಜೆ ಮಾಡಿದ ಮೇಲೆ ಮೀನುಗಾರಿಕೆ ಸುರುವಾಯಿತು. ದಡಕ್ಕೆ ಹಿರಿಯರಾದ ಅವರೇ ಪ್ರತಿ ವರ್ಷ ಹಾಲು ಹೊಯ್ಯುವವರು. ಕೆಲವೇ ದಿನಗಳಲ್ಲಿ ಅವರ ಹೆಂಡತಿಯ ತಮ್ಮನ ಬಲೆ ನೀರಡಿಯಲ್ಲಿ ಸಿಕ್ಕಿಕೊಂಡು, ಎಳೆದಾಗ ನಡುವಿನಲ್ಲೇ ಹರಿಯಿತು. ಆ ಮನೆಗೆ ಇದ್ದದ್ದು ಅದೊಂದೇ ಬಲೆ. ಕಲ್ಲಿರಬೇಕು ಎಂದುಕೊಂಡರು. ದಡದಲ್ಲಿ ಬಲೆ ಬಿಡಿಸುವಾಗ ಅಂಗೈಯಗಲದ ಫೈಬರ್ ಚೂರೊಂದು ಸಿಕ್ಕಿತು. ಅದಕ್ಕೆ ನೀಲಿ ಬಣ್ಣವಿತ್ತು. ಅಂಥ ನೀಲಿ ಬಳಿದ ದೋಣಿ ಊರಿನಲ್ಲಿ ಇದ್ದದ್ದು ಒಂದೇ.

"ಭಾವ, ನಿಮ್ಮ ದೋಣಿಗೆ ಊರು ಬಿಟ್ಟು ಹೋಗಲು ಮನಸ್ಸಿಲ್ಲ ಅಂತ ಕಾಣ್ತದೆ," ಎಂದ ಹೆಂಡತಿಯ ತಮ್ಮ. ಕೆಲವರು ನಕ್ಕರು. ಅವನು ನಗಲಿಲ್ಲ. "ಇನ್ನು ನಾನು ಎಂತದರಲ್ಲಿ ಮೀನು ಹಿಡಿಯುವುದು, ಹೇಳಿ?"

ಸಂಜೆ ಅವರು ತಮ್ಮ ಬಲೆಯನ್ನು ಹೊತ್ತುಕೊಂಡು ಹೋಗಿ ಅವನ ಅಂಗಳದಲ್ಲಿ ಹಾಕಿ ಬಂದರು. ಆ ವರ್ಷವಿಡೀ ಬೇರೆಯವರ ದೋಣಿಯಲ್ಲಿ ಕೂಲಿಗೆ ಹೋದರು. ಎದುರು ಸಿಕ್ಕವರ ಮುಖ ನೋಡದೆ, ತಲೆ ತಗ್ಗಿಸಿ ನಡೆಯುತ್ತಿದ್ದರು... ಕಲ್ಲು ಹೊತ್ತವರು ಯಾರೂ ಬಾಯಿ ಬಿಡಲಿಲ್ಲ.

ಮರುವರ್ಷದ ಪೂಜೆಯಲ್ಲಿ ಊರಿನವರು ಹಾಲಿನ ಚೆಂಬು ಕೊಡಲು ಹೋದಾಗ ಅವರು ಕೈಗಳನ್ನು ಹಿಂದಕ್ಕೆ ಎಳೆದುಕೊಂಡರು.

"ಕಸ ಹಾಕಿದ ಕೈ ಇದು. ನೀನೇ ಹೊಯ್ಯಿ ಮಾರಾಯ," ಎಂದು ಹೆಂಡತಿಯ ತಮ್ಮನಿಗೆ ಹೇಳಿದರು.

"ಎಂತ ಭಾವ ನೀವು, ಅದು ಹಳೆ ಕತೆ ಅಲ್ವಾ?" ಎಂದು ಅವನು ಅಂಗಲಾಚಿದ. ಅವರು ಚೆಂಬು ಮುಟ್ಟಲಿಲ್ಲ. ಮುಂದಿನ ವರ್ಷಗಳಲ್ಲೂ ಮುಟ್ಟಲಿಲ್ಲ.

ಅವರು ತೀರಿಹೋಗಿ ಬಹಳ ಕಾಲವಾಯಿತು. ದೋಣಿ ಮುಳುಗಿದಲ್ಲಿ ಈಗಲೂ ಬಲೆ ಹರಿಯುವುದುಂಟು. ಉಚ್ಚಿಲದ ಮೀನುಗಾರರು ಆ ಜಾಗವನ್ನು ಅವರ ಹೆಸರಿನಿಂದಲೇ ಕರೆಯುತ್ತಾರೆ.