ಬಾಯಿಬಿಟ್ಟು ಹೇಳದ ಹೆಸರು

ಟಿಕೋಟಾದ ಆ ಹೊಲಿಗೆ ಟೀಚರ್, ನಾನು ಕಿರಿಯ ವಕೀಲೆಯಾಗಿದ್ದ ವಿಜಯಪುರದ ವಕೀಲರ ಕಚೇರಿಗೆ ಬಂದಾಗಲೆಲ್ಲ ಕುರ್ಚಿಯ ತುದಿಯಲ್ಲಷ್ಟೇ ಕೂರುತ್ತಿದ್ದರು. ಸುಳ್ಳು ಸಹಿಯ ಮೋಸದ ಪ್ರಕರಣದಲ್ಲಿ ತಪ್ಪೊಪ್ಪಿಕೊಂಡಿದ್ದರಿಂದ ಅವರಿಗೆ ಎರಡು ವರ್ಷ ಸಜೆಯಾಗಿತ್ತು. ಈಗ ಜಾಮೀನಿನ ಮೇಲಿದ್ದು, ಆ ತಪ್ಪೊಪ್ಪಿಗೆಯನ್ನೇ ಮೇಲಿನ ಕೋರ್ಟಿಗೆ ಅರ್ಜಿ ಹಾಕಿ ಪ್ರಶ್ನಿಸಬೇಕಿತ್ತು; ಒಪ್ಪಿಕೊಳ್ಳಲು ಹೇಳಿದ್ದು ಯಾರೆಂದು ಅದರಲ್ಲಿ ಬರೆಯಬೇಕಿತ್ತು.

"ಒಪ್ಕೊಂಡ್ರ ದಂಡ ಅಷ್ಟ ಅಂದಿದ್ರರೀ" ಎಂದು ಪ್ರತಿ ಸಲವೂ ಹೇಳುತ್ತಿದ್ದರು.

"ಯಾರಂದಿದ್ರು?" ಎಂದು ನಾನು ಕೇಳುತ್ತಿದ್ದೆ.

"ಮನ್ಯಾಗಿನ ಹಿರ್ಯಾರು."

ಅಂದರೆ ಗಂಡನ ಅಣ್ಣ. ಆ ಹೆಸರನ್ನು ಈಕೆ ಎಂದೂ ಬಾಯಿಬಿಟ್ಟು ಹೇಳಿದವರಲ್ಲ.

"ಹೆಸರಿಲ್ಲದ ಅರ್ಜಿ ದೇವ್ರಿಗೆ ಕೊಡೂಣೇನವ್ವಾ?" ಎಂದು ಕೊನೆಗೊಂದು ದಿನ ಹಿರಿಯ ವಕೀಲರು ಗದರಿದರು.

ಟೀಚರ್ ನನ್ನ ಪೆನ್ನು ಕೇಳಿದರು. ಸೆರಗನ್ನು ತಲೆಯ ಮೇಲೆಳೆದುಕೊಂಡು, ಅರ್ಜಿಯಲ್ಲಿ ಆ ಹೆಸರನ್ನು ತಾವೇ ಬರೆದರು.

"ಇದನ್ನ ಮನ್ಯಾಗಿನ ಹಿರ್ಯಾರು ಓದ್ತಾರೇನ್ರಿ ಮೇಡಂ?"

ಓದಬಹುದು ಎಂದೆ.

"ಹಂಗಾರ ನಾ ಇನ್ನ ಆ ಮನಿಗೆ ಹೋಗಂಗಿಲ್ರಿ" ಎಂದು ಸಹಿ ಮಾಡಿದರು.